ಮಂಗಳೂರು ಹಂಚು, ಖಾನಾಪುರದ ಮಳೆ

ಬೆಳಗಾವಿಯ ಹಳೇ ಮನೆಗಳ ಮೇಲೆ ಕೂತಿರೋ ಕೆಂಪು ಹಂಚಿನ ಕಥೆ ಶುರುವಾಗೋದು 1865ರಲ್ಲಿ, ಮಂಗಳೂರಿನ ಬಾಸೆಲ್ ಮಿಶನ್ ಕಾರ್ಖಾನೆಯಿಂದ. ನಾಡಹಂಚನ್ನು ಪ್ರತಿವರ್ಷ ಮಳೆಗೆ ಮುಂಚೆ ತೆಗೆದು ಮತ್ತೆ ಹೊದಿಸಬೇಕಿತ್ತು. ಮಂಗಳೂರು ಹಂಚು ಒಂದಕ್ಕೊಂದು ಕಚ್ಚಿಕೊಂಡು ರೀಪಿನ ಮೇಲೆ ಕೂರುತ್ತೆ. ಒಳ್ಳೆ ಜೇಡಿಮಣ್ಣಿದ್ದ ನಮ್ಮ ಖಾನಾಪುರದಲ್ಲೂ ಹಂಚಿನ ಕಾರ್ಖಾನೆಗಳು ಎದ್ದವು.

ಆದ್ರೆ ಮಂಗಗಳಿಗೆ ಇದೆಲ್ಲ ಎಲ್ಲಿ ಗೊತ್ತು ಹೇಳಿ! ಬೇಸಿಗೆಯಲ್ಲಿ ಅವು ಕುಣಿದು ಬಿಟ್ಟ ಕೂದಲೆಳೆ ಬಿರುಕು ಕೆಳಗಿಂದ ಕಾಣೋದೇ ಇಲ್ಲ, ಜೂನ್ ಮಳೆಗೇ ಗೊತ್ತಾಗಬೇಕು. ನೀರು ತಟತಟ ಸೋರಿದ್ರೆ ಪುಣ್ಯ, ಪಾತ್ರೆ ಇಡಬಹುದು. ಸದ್ದಿಲ್ಲದೆ ರೀಪು ಹಿಡಿದು ಮಣ್ಣಿನ ಗೋಡೆಯ ತಲೆಗೆ ಇಳಿದ್ರೆ ಗೋಡೆಯೇ ಕುಸಿಯುತ್ತೆ. 2019ರ ಆಗಸ್ಟ್ ಮಳೆಗೆ ಜಿಲ್ಲೆಯಲ್ಲಿ ಸಾವಿರಾರು ಮನೆ ಬಿದ್ದವಲ್ಲ, ನದಿಯಿಂದ ದೂರ ಇದ್ದ ಮಣ್ಣಿನ ಮನೆಗಳೂ ಅದರಲ್ಲಿದ್ದವು.

ಖಾನಾಪುರ ಕಡೆಯ ನಮ್ಮಜ್ಜಿ ಮನೆಗೆ ತಗಡು ಹಾಕಿಸೋಣ ಅಂತಿದ್ದಾರೆ ಮಾವ. ಹಂಚು ಹತ್ತಿ ನೋಡೋ ಆಳು ಸಿಗ್ತಿಲ್ಲವಂತೆ.