ಕೊನೆಗೆ ಉಳಿಯುವ ತಂತಿ

ತಂತಿ ಬಂದಿತೆಂದರೆ ಮನೆಮಂದಿಯ ಎದೆ ನಡುಗುತ್ತಿದ್ದ ಕಾಲವೊಂದಿತ್ತು. ಕಾಗದ ತಡವಾಗಿ ಬರಬಹುದು, ಬಾರದೆಯೂ ಇರಬಹುದು. ತಂತಿ ಬರುತ್ತಿದ್ದುದು ತೀರ ಅಗತ್ಯವಾದ ಮಾತಿಗೆ ಮಾತ್ರ. ಕಲ್ಕತ್ತೆಗೂ ಡೈಮಂಡ್ ಹಾರ್ಬರಿಗೂ ನಡುವೆ 1850–51ರಲ್ಲಿ ಎಳೆದ ತಂತಿಯಿಂದ ನಮ್ಮ ದೇಶದಲ್ಲಿ ಮೊದಲಾದ ಆ ಸೇವೆ 2013ರ ಜುಲೈ ತಿಂಗಳಲ್ಲಿ ಮುಕ್ತಾಯವಾಯಿತು. ಅಂಚೆ ಕಚೇರಿಯ ಕಟಕಟೆ ಸದ್ದು ಅಡಗಿತು. ಆದರೆ ಆ ತಂತಿಯ ವಂಶ ಪೂರ್ತಿಯಾಗಿ ಅಳಿದುಹೋಯಿತೆಂದು ತಿಳಿಯಬೇಕಾಗಿಲ್ಲ. ಅದರ ಒಂದು ಕವಲು ಗಣಕಯಂತ್ರಗಳ ಕೋಣೆಗಳಲ್ಲಿ ಇಂದಿಗೂ ಬದುಕಿದೆ. ತೀರ ಅಗತ್ಯವಾದ ಮಾತನ್ನು ಇಂದಿಗೂ ತಲುಪಿಸುತ್ತಿದೆ. ಆ ಕವಲಿನ ಚರಿತ್ರೆಯನ್ನು ಈಗ ಸ್ವಲ್ಪ ನೋಡೋಣ.

ಗಣಕಯಂತ್ರಗಳನ್ನು ಒಂದಕ್ಕೊಂದು ಹೊಂದಿಸಿ ಜಾಲ ಕಟ್ಟಿದ ಮೇಲೆ, ದೂರದ ಯಂತ್ರವನ್ನು ಆ ಜಾಲದ ಮೂಲಕವೇ ನೋಡಿಕೊಳ್ಳುವುದು ರೂಢಿಯಾಯಿತು. ಎಲ್ಲವೂ ಆರೋಗ್ಯವಾಗಿರುವಾಗ ಇದರಿಂದ ತೊಂದರೆಯಿಲ್ಲ. ಆದರೆ ಕೆಟ್ಟದ್ದು ಜಾಲವೇ ಆದರೆ? ದುರಸ್ತಿ ಮಾಡುವವನು ಯಾವ ದಾರಿಯಿಂದ ಹೋಗಬೇಕು? ಬೀಗದ ಕೈಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡವನ ಪಾಡು ಅವನದಾಗುತ್ತದೆ. ಈ ಪಾಡನ್ನು ತಪ್ಪಿಸಲೆಂದು ರೂಪುಗೊಂಡ ಸಾಧನಕ್ಕೆ ಕನ್ಸೋಲ್ ಸರ್ವರ್ ಎಂದು ಹೆಸರು.

ಕನ್ಸೋಲ್ ಎಂದರೆ ಯಂತ್ರದ ಸ್ವಂತ ಬಾಯಿ, ಸ್ವಂತ ಕಿವಿ. ವಿದ್ಯುತ್ತನ್ನು ಹಾಕಿದೊಡನೆ ಯಂತ್ರ ಆಡುವ ಮೊದಲ ಮಾತು ಹೊರಡುವುದು ಇಲ್ಲಿಂದ. ಕುಸಿದು ಬೀಳುವ ಮುನ್ನ ಆಡುವ ಕೊನೆಯ ಮಾತೂ ಇಲ್ಲಿಂದಲೇ. ಜಾಲದ ವಿಳಾಸ, ದಾರಿ, ಮಧ್ಯವರ್ತಿ ಇವಾವುವೂ ಇದಕ್ಕೆ ಬೇಕಿಲ್ಲ. ಹೋಗಲೊಂದು ತಂತಿ, ಬರಲೊಂದು ತಂತಿ, ಎರಡಕ್ಕೂ ಸಮಾನವಾದ ಇನ್ನೊಂದು ತಂತಿ, ಇಷ್ಟಿದ್ದರೆ ಸಾಕು. ಅಕ್ಷರಗಳು ಬಿಟ್‌ಗಳಾಗಿ ಒಂದರ ಹಿಂದೊಂದು ಸಾಲಾಗಿ ಹರಿಯುತ್ತವೆ.

ಈ ಸಾಲುನಡಿಗೆಯ ಪದ್ಧತಿ ಗಣಕಯಂತ್ರಕ್ಕಿಂತ ಬಹಳ ಹಿರಿಯದು. ಫ್ರಾನ್ಸಿನ ತಂತಿ ಇಲಾಖೆಯಲ್ಲಿದ್ದ ಎಮಿಲ್ ಬೋಡೋ ಎಂಬಾತ ಪ್ರತಿ ಅಕ್ಷರಕ್ಕೂ ಐದು ಸಂಜ್ಞೆಗಳನ್ನು ಗೊತ್ತುಮಾಡಿದ ಪದ್ಧತಿಗೆ 1874ರಲ್ಲಿ ಪೇಟೆಂಟ್ ಪಡೆದ. ಸಂಜ್ಞೆಗಳ ವೇಗವನ್ನು ಅಳೆಯುವ 'ಬಾಡ್' ಎಂಬ ಮಾನಕ್ಕೆ ಅವನ ಹೆಸರೇ ನಿಂತಿದೆ. ಅವನ ದಾರಿಯಲ್ಲಿ ಮುಂದುವರಿದು ಬಂದದ್ದು ಟೆಲಿಪ್ರಿಂಟರ್. ಮದರಾಸಿನಲ್ಲಿ 1960ರಲ್ಲಿ ಹಿಂದೂಸ್ತಾನ್ ಟೆಲಿಪ್ರಿಂಟರ್ಸ್ ಸಂಸ್ಥೆ ಸ್ಥಾಪನೆಯಾಗಿ ಈ ಯಂತ್ರಗಳನ್ನು ನಮ್ಮಲ್ಲಿಯೇ ತಯಾರಿಸತೊಡಗಿತು. ಪತ್ರಿಕಾಲಯಗಳಲ್ಲಿ ಅವುಗಳ ಸದ್ದು ಕೇಳಿದವರು ಇನ್ನೂ ಇದ್ದಾರೆ. ಅದೇ 1960ರಲ್ಲಿ ಅಮೆರಿಕದ ವಿದ್ಯುನ್ಮಾನ ಉದ್ಯಮಗಳ ಸಂಘವು ಇಂಥ ಯಂತ್ರಗಳನ್ನೂ ಮೋಡೆಮ್‌ಗಳನ್ನೂ ಜೋಡಿಸುವ ಕ್ರಮವನ್ನು ನಿಗದಿ ಮಾಡಿ, ಅದಕ್ಕೆ ಆರ್‌ಎಸ್-232 ಎಂದು ಹೆಸರಿಟ್ಟಿತು. ಆರು ದಶಕಗಳು ಕಳೆದರೂ ಆ ಕ್ರಮ ಇಂದಿನ ರೂಟರುಗಳ ಬೆನ್ನಿನಲ್ಲಿ ಉಳಿದುಕೊಂಡು ಬಂದಿದೆ.

ಗಣಕಯಂತ್ರವನ್ನು ಕಟ್ಟಿದವರಿಗೆ ಅದರೊಡನೆ ಮಾತನಾಡಲು ಒಂದು ಉಪಕರಣ ಬೇಕಾಗಿತ್ತು. ಟೆಲಿಪ್ರಿಂಟರ್ ಸಿದ್ಧವಾಗಿಯೇ ಇತ್ತು. 1963ರಲ್ಲಿ ಬಂದ 'ಟೆಲಿಟೈಪ್ 33' ಎಂಬ ಮಾದರಿ ಸೆಕೆಂಡಿಗೆ ಹತ್ತು ಅಕ್ಷರಗಳನ್ನು ಕಾಗದದ ಮೇಲೆ ಒತ್ತುತ್ತಿತ್ತು. ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದಾಗ ಅವರೆದುರಿಗಿದ್ದದ್ದು ಇಂಥ ಟೆಲಿಟೈಪ್. ಆ ಹೆಸರಿನ ಸಂಕ್ಷೇಪವಾದ 'ಟಿಟಿವೈ' ಎಂಬ ಮೂರು ಅಕ್ಷರಗಳು ಯುನಿಕ್ಸಿನಲ್ಲಿಯೂ ಅದರ ಮಾದರಿಯಲ್ಲಿ ಬಂದ ಲಿನಕ್ಸಿನಲ್ಲಿಯೂ ಶಾಶ್ವತವಾಗಿ ನೆಲೆಸಿದವು.

ಕಾಗದದ ಮೇಲೆ ಬರೆಯುವ ಕನ್ಸೋಲಿಗೆ ಒಂದು ದೊಡ್ಡ ಗುಣವಿತ್ತು: ಅದು ಮರೆಯುತ್ತಿರಲಿಲ್ಲ. ನಡುರಾತ್ರಿಯಲ್ಲಿ ಯಂತ್ರ ಕುಸಿದುಬಿದ್ದರೆ, ಬೆಳಗ್ಗೆ ಬಂದ ನಿರ್ವಾಹಕ ನೆಲದ ಮೇಲೆ ಮಡಿಕೆಯಾಗಿ ಬಿದ್ದಿದ್ದ ಕಾಗದವನ್ನೆತ್ತಿ ಏನಾಯಿತೆಂದು ಓದಿಕೊಳ್ಳಬಹುದಾಗಿತ್ತು. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ 1977ರಲ್ಲಿ ಹೊರತಂದ ವ್ಯಾಕ್ಸ್-11/780 ಯಂತ್ರದಲ್ಲಿ ಈ ಏರ್ಪಾಡು ಒಂದು ಶಾಸ್ತ್ರವೇ ಆಯಿತೆನ್ನಬಹುದು. ಆ ದೊಡ್ಡ ಯಂತ್ರದ ಕನ್ಸೋಲನ್ನು ನೋಡಿಕೊಳ್ಳುವುದಕ್ಕೆಂದೇ ಒಂದು ಪುಟ್ಟ ಗಣಕ, ಅದಕ್ಕೊಂದು ಫ್ಲಾಪಿ ತಟ್ಟೆ, ಕಾಗದದ ಮೇಲೆ ಅಚ್ಚು ಹಾಕುವ ಒಂದು ಟರ್ಮಿನಲ್. ಯಂತ್ರದ ಮುಖದ ಮೇಲೆ ಬೀಗದ ಕೈ ಹಾಕಿ ತಿರುಗಿಸುವ ಐದು ಸ್ಥಾನಗಳ ಒಂದು ಸ್ವಿಚ್ಚು. ಕೈಯನ್ನು ಒಂದು ಸ್ಥಾನಕ್ಕೆ ತಿರುಗಿಸಿದರೆ ಕೋಣೆಯಲ್ಲಿ ಕುಳಿತವನಿಗೆ ಅಧಿಕಾರ. ಇನ್ನೊಂದಕ್ಕೆ ತಿರುಗಿಸಿದರೆ ದೂರವಾಣಿಯ ಮೂಲಕ ಬರುವ ದೂರದ ತಜ್ಞನಿಗೆ ಅಧಿಕಾರ. ಮತ್ತೊಂದರಲ್ಲಿ ಯಂತ್ರವನ್ನು ನಿಲ್ಲಿಸುವ ಶಕ್ತಿ ಯಾರಿಗೂ ಇಲ್ಲ. ಮುಂದಿನ ಕನ್ಸೋಲ್ ಸರ್ವರಿನ ಮೂರು ಮುಖ್ಯ ಪ್ರಶ್ನೆಗಳು ಇಲ್ಲಿಯೇ ಎದ್ದಿವೆ: ದಾರಿ ಯಾವುದು, ದಾಖಲೆ ಎಲ್ಲಿ, ಅಧಿಕಾರ ಯಾರದು?

ಅನಂತರ ಕಾಗದ ಹೋಗಿ ಗಾಜಿನ ಪರದೆ ಬಂತು. ಪರದೆಗೆ ಸದ್ದಿಲ್ಲ, ಕಾಗದದ ಖರ್ಚಿಲ್ಲ, ವೇಗ ಹೆಚ್ಚು. ಆದರೆ ಇಪ್ಪತ್ತನಾಲ್ಕು ಸಾಲು ತುಂಬಿದೊಡನೆ ಮೇಲಿನ ಸಾಲು ಮಾಯವಾಗುತ್ತಿತ್ತು. ಯಂತ್ರದ ಬಾಯಿ ಉಳಿಯಿತು, ನೆನಪು ಹೋಯಿತು. ಜೊತೆಗೆ ಯಂತ್ರಗಳ ಸಂಖ್ಯೆ ಬೆಳೆಯಿತು. ಒಂದು ದೊಡ್ಡ ಯಂತ್ರವಿದ್ದ ಕೋಣೆಯಲ್ಲಿ ಹತ್ತಾರು ಸಣ್ಣ ಯಂತ್ರಗಳು ಬಂದು ಕುಳಿತವು. ಒಂದೊಂದಕ್ಕೂ ಒಂದು ಪರದೆ, ಒಂದು ಕೀಲಿಮಣೆ. ಯಾವ ಪರದೆ ಯಾವ ಯಂತ್ರದ್ದೆಂದು ಹುಡುಕುವುದೇ ಒಂದು ಕೆಲಸವಾಯಿತು. ಎಲ್ಲಕ್ಕಿಂತ ಮಿಗಿಲಾಗಿ, ಆ ಪರದೆಯ ಮುಂದೆ ನಿಲ್ಲಬೇಕಾದರೆ ನಿರ್ವಾಹಕ ಮನೆಯಿಂದ ಎದ್ದು ಬರಬೇಕಾಗಿತ್ತು.

ಉಪಾಯ ಹೊಳೆದದ್ದು ಹಳೆಯ ಉಪಕರಣವೊಂದನ್ನು ತಿರುಗುಮುರುಗು ಮಾಡಿದ್ದರಿಂದ. ಅನೇಕ ಟರ್ಮಿನಲ್‌ಗಳನ್ನು ಒಂದು ಪೆಟ್ಟಿಗೆಗೆ ಸೇರಿಸಿ ಜಾಲದ ಮೂಲಕ ದೊಡ್ಡ ಯಂತ್ರಕ್ಕೆ ಮುಟ್ಟಿಸುವ 'ಟರ್ಮಿನಲ್ ಸರ್ವರ್' ಎಂಬುದು 1980ರ ದಶಕದಲ್ಲಿ ಬಳಕೆಗೆ ಬಂದಿತ್ತು. ಮನುಷ್ಯರ ಕಡೆಗಿದ್ದ ಅದರ ಕಿಂಡಿಗಳನ್ನು ಯಂತ್ರಗಳ ಕನ್ಸೋಲಿನ ಕಡೆಗೆ ತಿರುಗಿಸಿದರೆ? ಆಗ ಜಾಲದ ಮೇಲೆ ಎಲ್ಲಿಂದಲಾದರೂ ಯಾವ ಕನ್ಸೋಲನ್ನಾದರೂ ಮುಟ್ಟಬಹುದು. ಈ ಪೆಟ್ಟಿಗೆಗೆ ತಕ್ಕ ಬುದ್ಧಿಯನ್ನು ಕೊಟ್ಟವರಲ್ಲಿ ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯದ ಥಾಮಸ್ ಫೈನ್ ಮತ್ತು ಸ್ಟೀವನ್ ರೋಮಿಗ್ ಪ್ರಮುಖರು. ದೊಡ್ಡ ಗಣಕ ವ್ಯವಸ್ಥೆಗಳ ನಿರ್ವಾಹಕರ ಸಮ್ಮೇಳನದಲ್ಲಿ 1990ರಲ್ಲಿ ಅವರು ಓದಿದ ಪ್ರಬಂಧದ ಹೆಸರೇ 'ಒಂದು ಕನ್ಸೋಲ್ ಸರ್ವರ್'. ಆ ಬೀಜದಿಂದ ಬೆಳೆದ 'ಕನ್‌ಸರ್ವರ್' ಎಂಬ ತಂತ್ರಾಂಶವನ್ನು ಅನಂತರ ಹಲವರು ತಿದ್ದಿ ಬೆಳೆಸಿದರು.

ಅದರ ತತ್ವ ಸರಳ. ಸರ್ವರು ಪ್ರತಿಯೊಂದು ಕನ್ಸೋಲಿನ ತಂತಿಯನ್ನು ಹಗಲಿರುಳು ಹಿಡಿದುಕೊಂಡೇ ಇರುತ್ತದೆ. ಯಾರು ನೋಡಲಿ, ನೋಡದಿರಲಿ, ಯಂತ್ರ ಆಡಿದ ಮಾತೆಲ್ಲವನ್ನೂ ಹೊತ್ತಿನೊಡನೆ ಕಡತಕ್ಕೆ ಇಳಿಸುತ್ತದೆ. ಒಂದೇ ಕನ್ಸೋಲನ್ನು ಅನೇಕರು ಏಕಕಾಲದಲ್ಲಿ ನೋಡಬಹುದು. ಆದರೆ ಬರೆಯುವ ಹಕ್ಕು ಒಂದು ಹೊತ್ತಿಗೆ ಒಬ್ಬನಿಗೆ ಮಾತ್ರ. ಇನ್ನೊಬ್ಬನಿಗೆ ಬೇಕಾದರೆ ಅವನು ಹಕ್ಕನ್ನು ತೆಗೆದುಕೊಳ್ಳಬಹುದು, ಆದರೆ ಮೊದಲಿನವನಿಗೆ ತಿಳಿಯುವಂತೆಯೇ ತೆಗೆದುಕೊಳ್ಳಬೇಕು. ಕಾಗದದೊಂದಿಗೆ ಕಳೆದುಹೋಗಿದ್ದ ನೆನಪು ಹೀಗೆ ಮರಳಿ ಬಂತು. ರೋಗಿಯ ಕೊನೆಯ ಮಾತು ಕೇಳಲು ಹಾಸಿಗೆಯ ಬಳಿ ಯಾರೂ ಇಲ್ಲದಿದ್ದರೂ ಬರೆದುಕೊಳ್ಳುವ ಗುಮಾಸ್ತನೊಬ್ಬ ಇದ್ದಂತಾಯಿತು.

ಹೊಸ ಏರ್ಪಾಡಿಗೆ ಹಳೆಯ ತಂತಿಯಿಂದಲೇ ಒಂದು ವಿಚಿತ್ರವಾದ ಕಂಟಕ ಬಂದೊದಗಿತು. ಹಿಂದೆ ಅಮೆರಿಕದ ತಂತಿಮಾರ್ಗಗಳಲ್ಲಿ ವಿದ್ಯುತ್ತು ಸದಾ ಹರಿಯುತ್ತಿರುವ ಪದ್ಧತಿಯಿತ್ತು. ಸಂದೇಶ ಪಡೆಯುವವನಿಗೆ ಮಾತು ಅರ್ಥವಾಗದಿದ್ದರೆ ತನ್ನ ಕೀಲಿಯನ್ನು ತೆರೆದು ಪ್ರವಾಹವನ್ನು ಕಡಿಯುತ್ತಿದ್ದ. ಕಳುಹಿಸುವವನು ತಕ್ಷಣ ನಿಲ್ಲಿಸುತ್ತಿದ್ದ. ಇದಕ್ಕೆ 'ಬ್ರೇಕ್' ಎಂದು ಹೆಸರು. ಈ ಸಂಜ್ಞೆ ಟೆಲಿಪ್ರಿಂಟರಿಗೂ ಅಲ್ಲಿಂದ ಗಣಕಯಂತ್ರಕ್ಕೂ ಇಳಿದು ಬಂತು. ಸನ್ ಕಂಪನಿಯ ಯಂತ್ರಗಳು ಕನ್ಸೋಲಿನಲ್ಲಿ ಬ್ರೇಕ್ ಕೇಳಿದೊಡನೆ ಮಾಡುತ್ತಿದ್ದ ಕೆಲಸವನ್ನೆಲ್ಲ ಅಲ್ಲಿಗೇ ನಿಲ್ಲಿಸಿ ಅಪ್ಪಣೆಗಾಗಿ ಕಾಯುತ್ತಿದ್ದವು. ಸಂಕಟವೇನೆಂದರೆ, ಟರ್ಮಿನಲ್ ಸರ್ವರಿನ ವಿದ್ಯುತ್ತು ಹೋಗಿ ಬಂದರೂ ಆ ಕ್ಷಣದ ಅಲುಗಾಟವನ್ನು ಯಂತ್ರಗಳು ಬ್ರೇಕ್ ಎಂದೇ ತಿಳಿಯಬಹುದಾಗಿತ್ತು. ಕಾಪಾಡಲು ಬಂದ ಪೆಟ್ಟಿಗೆ ಒಮ್ಮೆ ಮಿಣುಕಿದರೆ, ಅದಕ್ಕೆ ಸೇರಿದ ಯಂತ್ರಗಳೆಲ್ಲ ಒಟ್ಟಿಗೆ ನಿಂತುಬಿಡುವ ಭಯ! ಆದುದರಿಂದ ಬ್ರೇಕ್ ಸಂಜ್ಞೆಯನ್ನು ತಪ್ಪಿಯೂ ಹೊರಡಿಸದ ಪೆಟ್ಟಿಗೆಗಳು ಬಂದವು; ಸನ್ ಕಂಪನಿಯೂ ಬ್ರೇಕಿಗೆ ಬದಲಾಗಿ ಬೇಕೆಂದೇ ಒತ್ತಬೇಕಾದ ಅಕ್ಷರಗಳ ಸರಣಿಯೊಂದನ್ನು ತಂದಿತು.

ತಂತಿ ಜೋಡಿಸುವುದೂ ಸುಲಭವಾಗಿರಲಿಲ್ಲ. ಒಬ್ಬೊಬ್ಬ ತಯಾರಕನ ಕಿಂಡಿಯಲ್ಲಿ ತಂತಿಗಳ ಕ್ರಮ ಒಂದೊಂದು ಬಗೆ. ಡೇವ್ ಯೋಸ್ಟ್ ಎಂಬಾತ 1987ರಲ್ಲಿ ಎಂಟು ತಂತಿಯ ಸಾಮಾನ್ಯ ಕೇಬಲಿಗೆ ಒಂದು ಕ್ರಮವನ್ನು ಗೊತ್ತುಮಾಡಿ, ತಕ್ಕ ಅಡಾಪ್ಟರ್ ಹಾಕಿದರೆ ಯಾವ ಯಂತ್ರವನ್ನಾದರೂ ಒಂದೇ ಬಗೆಯ ಕೇಬಲಿನಿಂದ ಜೋಡಿಸಬಹುದೆಂದು ತೋರಿಸಿದ. ಇನ್ನು ಭದ್ರತೆಯ ಮಾತು. ಮೊದಲಿನ ಸರ್ವರುಗಳಿಗೆ ಗುಪ್ತಪದವನ್ನು ಜಾಲದ ಮೇಲೆ ಬಟ್ಟಬಯಲಾಗಿ ಕಳುಹಿಸಬೇಕಾಗಿತ್ತು. ನಡುವೆ ಹೊಂಚು ಹಾಕಿದವನು ಅದನ್ನು ಓದಬಹುದಾಗಿತ್ತು. ಫಿನ್ಲೆಂಡಿನ ಟಾಟು ಯುಲೊನೆನ್ 1995ರಲ್ಲಿ ರಚಿಸಿದ ಎಸ್‌ಎಸ್‌ಎಚ್ ಎಂಬ ವಿಧಾನ ಮಾತುಕತೆಯನ್ನೆಲ್ಲ ಗೂಢಲಿಪಿಗೆ ತಿರುಗಿಸಿ ಆ ಕೊರತೆಯನ್ನು ನೀಗಿಸಿತು. ಹಿತ್ತಲ ಬಾಗಿಲಿಗೆ ಮುಂಬಾಗಿಲಿಗಿಂತ ಗಟ್ಟಿಯಾದ ಅಗುಳಿ ಬೇಕೆಂಬುದನ್ನು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕನ್ಸೋಲನ್ನು ಹಿಡಿದವನು ಯಂತ್ರವನ್ನೇ ಹಿಡಿದಂತೆ.

ಹೀಗೆ ಅನುಭವದಿಂದ ಕೆಲವು ನಿಯಮಗಳು ನೆಲೆಗೊಂಡವು. ಪ್ರತಿಯೊಂದು ಕಿಂಡಿಗೂ ಅದರ ಯಂತ್ರದ ಹೆಸರು ಬರೆದಿರಬೇಕು; ಇಲ್ಲವಾದರೆ ಅವಸರದಲ್ಲಿ ಒಂದಕ್ಕೆ ಕೊಟ್ಟ ಅಪ್ಪಣೆ ಇನ್ನೊಂದಕ್ಕೆ ಹೋಗುತ್ತದೆ. ಎರಡು ಕಡೆಯ ವೇಗವೂ ಒಂದೇ ಆಗಿರಬೇಕು, ಸಾಮಾನ್ಯವಾಗಿ ಸೆಕೆಂಡಿಗೆ 9600 ಬಿಟ್. ತಪ್ಪಿದರೆ ಪರದೆಯ ಮೇಲೆ ಬರುವುದು ಅರ್ಥವಿಲ್ಲದ ಅಕ್ಷರಗಳ ರಾಶಿ. ದಾಖಲೆಯ ಕಡತ ಕೆಟ್ಟುಹೋಗಬಹುದಾದ ಯಂತ್ರದಲ್ಲಿಯೇ ಇರಬಾರದು. ಎಲ್ಲಕ್ಕಿಂತ ದೊಡ್ಡ ನಿಯಮ ಇದು: ಸರ್ವರನ್ನು ತಲುಪುವ ದಾರಿ ಅದು ಕಾಯುತ್ತಿರುವ ಜಾಲವನ್ನು ಅವಲಂಬಿಸಿರಬಾರದು. ಬೇರೆ ದೂರವಾಣಿ ತಂತಿಯಾಗಲಿ, ಬೇರೆ ಸಂಸ್ಥೆಯ ಮೊಬೈಲ್ ಸಂಪರ್ಕವಾಗಲಿ, ಒಂದು ಪ್ರತ್ಯೇಕ ದಾರಿ ಇರಬೇಕು. ಆ ದಾರಿಯಲ್ಲಿ ಆಗಾಗ ನಡೆದು ನೋಡುತ್ತಲೂ ಇರಬೇಕು. ಬೆಂಕಿ ಬಿದ್ದಾಗ ಬಾವಿ ತೋಡುವುದರಿಂದ ಪ್ರಯೋಜನವಿಲ್ಲ; ತೋಡಿದ ಬಾವಿಯಲ್ಲಿ ನೀರಿದೆಯೇ ಎಂದು ನೋಡದೆ ಇರುವುದೂ ಅಷ್ಟೇ ನಿಷ್ಪ್ರಯೋಜಕ.

ಈ ನಿಯಮವನ್ನು ಅರಿಯದವರಿಲ್ಲ. ಆದರೂ ಅದು ಮರೆತುಹೋಗುತ್ತದೆ. ಏಕೆಂದರೆ ಜಾಲ ಚೆನ್ನಾಗಿರುವ ದಿನಗಳಲ್ಲಿ ಎರಡನೆಯ ದಾರಿ ದಂಡದ ಖರ್ಚಾಗಿ ಕಾಣುತ್ತದೆ. 2021ರ ಅಕ್ಟೋಬರ್ 4ರ ರಾತ್ರಿ, ನಮ್ಮ ಗಡಿಯಾರದಲ್ಲಿ ಒಂಬತ್ತು ದಾಟಿದ ಮೇಲೆ, ವಾಟ್ಸಾಪ್ ಮೂಕವಾದದ್ದು ಕೇಳುಗರಲ್ಲಿ ಅನೇಕರಿಗೆ ನೆನಪಿರಬಹುದು. ಫೇಸ್‌ಬುಕ್ ಸಂಸ್ಥೆಯ ಬೆನ್ನೆಲುಬಿನಂತಿದ್ದ ಜಾಲಕ್ಕೆ ನಿರ್ವಹಣೆಯ ವೇಳೆಯಲ್ಲಿ ಹೋದ ಒಂದು ಅಪ್ಪಣೆ, ಅದರ ಕೇಂದ್ರಗಳ ನಡುವಣ ಸಂಪರ್ಕವನ್ನೆಲ್ಲ ಕಡಿದುಹಾಕಿತು. ಇಂಥ ತಪ್ಪನ್ನು ತಡೆಯಬೇಕಾಗಿದ್ದ ಪರೀಕ್ಷಕ ತಂತ್ರಾಂಶದಲ್ಲಿಯೇ ದೋಷವಿತ್ತು. ಸಂಸ್ಥೆಯೇ ಅನಂತರ ಪ್ರಕಟಿಸಿದ ವಿವರಣೆಯ ಪ್ರಕಾರ, ಮುಖ್ಯ ದಾರಿಯಷ್ಟೇ ಅಲ್ಲ, ತುರ್ತಿಗೆಂದು ಇದ್ದ ಪ್ರತ್ಯೇಕ ದಾರಿಯೂ ಆಗ ಲಭ್ಯವಿರಲಿಲ್ಲ. ಎಂಜಿನಿಯರುಗಳು ಸ್ವತಃ ಯಂತ್ರಗಳಿದ್ದ ಸ್ಥಳಕ್ಕೆ ಹೋಗಬೇಕಾಯಿತು; ಕಳ್ಳರನ್ನು ತಡೆಯಲು ಕಟ್ಟಿದ ಭದ್ರತೆ ಯಜಮಾನನ ಆಳುಗಳನ್ನೂ ತಡೆದು ನಿಲ್ಲಿಸಿತು. ಸೇವೆ ಮರಳಲು ಆರು ಗಂಟೆಗಳಷ್ಟು ಕಾಲ ಹಿಡಿಯಿತು.

ಮರುವರ್ಷ 2022ರ ಜುಲೈ 8ರಂದು ಕೆನಡಾ ದೇಶದಲ್ಲಿ ನಡೆದದ್ದು ಇನ್ನೂ ಗಂಭೀರ. ರಾಜರ್ಸ್ ಎಂಬ ದೂರಸಂಪರ್ಕ ಸಂಸ್ಥೆಯ ಜಾಲದಲ್ಲಿ ಒಂದು ಶೋಧಕ ನಿಯಮವನ್ನು ತೆಗೆದುಹಾಕಿದ್ದರಿಂದ ದಾರಿಗಳ ಮಾಹಿತಿ ಪ್ರವಾಹದಂತೆ ನುಗ್ಗಿ ನಡುವಣ ರೂಟರುಗಳು ಕುಸಿದವು. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಮೀರಿದ ಗ್ರಾಹಕರು ಸಂಪರ್ಕ ಕಳೆದುಕೊಂಡರು. ಅಂಗಡಿಗಳಲ್ಲಿ ಕಾರ್ಡಿನಿಂದ ಹಣ ಕೊಡುವುದು ನಿಂತಿತು. ಆಂಬುಲೆನ್ಸನ್ನೋ ಪೊಲೀಸರನ್ನೋ ಕರೆಯುವ ತುರ್ತು ಕರೆಗಳು ಅನೇಕರಿಗೆ ಸಿಗಲಿಲ್ಲ. ಯಂತ್ರಗಳನ್ನು ನಿರ್ವಹಿಸುವ ಜಾಲವೂ ಕುಸಿದುಬಿದ್ದ ಆ ಜಾಲದ ಮೇಲೆಯೇ ನಿಂತಿತ್ತೆಂದು ಅನಂತರದ ಸ್ವತಂತ್ರ ಪರಿಶೀಲನೆ ತಿಳಿಸಿತು. ದೋಷದ ದಾಖಲೆಗಳು ಕೈಗೆ ಸಿಗುವುದಕ್ಕೇ ಎಷ್ಟೋ ಗಂಟೆಗಳಾದವು. ಯಂತ್ರಗಳು ತಮ್ಮ ಕೊನೆಯ ಮಾತನ್ನು ಆಡಿದ್ದವು, ಕೇಳಬೇಕಾದವರು ಹೊರಗುಳಿದಿದ್ದರು.

ಈ ಎರಡು ಪ್ರಸಂಗಗಳಲ್ಲಿಯೂ ಕೊರತೆಯಾದದ್ದು ಜ್ಞಾನವಲ್ಲ, ಹಣವಲ್ಲ. ಮನೆಗೆಲ್ಲ ಸಾಕೆನಿಸುವಷ್ಟು ದೊಡ್ಡ ಹೆಬ್ಬಾಗಿಲು ಇದ್ದಾಗ ಹಿತ್ತಲ ಬಾಗಿಲು ಯಾರ ನೆನಪಿಗೂ ಬರುವುದಿಲ್ಲ. ಸಾವಿರಾರು ಕೋಟಿ ಅಕ್ಷರಗಳನ್ನು ಕಣ್ಣು ಮಿಟುಕಿಸುವುದರೊಳಗೆ ಸಾಗಿಸುವ ಜಾಲದ ಪಕ್ಕದಲ್ಲಿ, ಸೆಕೆಂಡಿಗೆ ಸಾವಿರ ಅಕ್ಷರವನ್ನೂ ಸಾಗಿಸಲಾರದ ಈ ಹಳೆಯ ತಂತಿ ಬಡವನಂತೆ ನಿಂತಿರುತ್ತದೆ. ಅದರ ಬೆಲೆ ಅದರ ವೇಗದಲ್ಲಿಲ್ಲ, ಅದು ಬೇರೆಯಾಗಿರುವುದರಲ್ಲಿದೆ. ಜನರ ಮಾತುಕತೆ, ವ್ಯಾಪಾರ, ಆಸ್ಪತ್ರೆಯ ಕರೆ ಎಲ್ಲವನ್ನೂ ಒಂದೇ ಜಾಲದ ಮೇಲೆ ಹೊರಿಸಿರುವ ನಮ್ಮ ಕಾಲದಲ್ಲಿ, ಆ ಜಾಲವನ್ನು ಕಾಯುವವರು ಅದರ ಹೊರಗೆ ನಿಲ್ಲಲು ಒಂದಿಷ್ಟು ಜಾಗ ಉಳಿಸಿಕೊಂಡಿರಬೇಕು. ಬೋಡೋ ಕಾಲದ ಸಾಲುನಡಿಗೆಯನ್ನು ಇನ್ನೂ ಬಿಡದ ಆ ತಂತಿ, ತೀರ ಅಗತ್ಯವಾದ ಮಾತನ್ನು ತರುವುದಕ್ಕಾಗಿ ಹಗಲಿರುಳು ಕಾದಿರುತ್ತದೆ.