ಕಲ್ಲು ಓದುವವರ ಕಾಯಕ

ಚಾಮರಾಜನಗರದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಹರದನಹಳ್ಳಿ ಎಂಬ ಊರಿದೆ. ಅಲ್ಲಿ ದಿವ್ಯಲಿಂಗೇಶ್ವರನ ಹಳೆಯ ಕಲ್ಲುಗುಡಿಯಿದೆ. ತೋಂಟದ ಸಿದ್ಧಲಿಂಗ ಯತಿಗಳು ಹುಟ್ಟಿದ್ದು ಈ ಊರಿನಲ್ಲಿ, ಅವರಿಗೆ ದೀಕ್ಷೆಯಿತ್ತ ಗುರುಗಳು ಇಲ್ಲಿಯ ಗೋಸಲ ಚನ್ನಬಸವೇಶ್ವರರು ಎಂದು ವೀರಶೈವ ಪರಂಪರೆ ನೆನೆಯುತ್ತದೆ. ಸಿದ್ಧಲಿಂಗರು ಮುಂದೆ ಎಡೆಯೂರಿನಲ್ಲಿ ನೆಲೆಸಿದರು. ಅವರ 701 ವಚನಗಳು ನಮಗೆ ದೊರೆತಿವೆ. ಇಷ್ಟೆಲ್ಲ ಹಿರಿಮೆಯುಳ್ಳ ಊರನ್ನು ನಾವು ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಹೋಗಿಬಿಡುತ್ತೇವೆ. ಆದರೆ ಅಲ್ಲಿ ಇಳಿದುಕೊಳ್ಳಲೇಬೇಕಾದ ಒಬ್ಬ ಮನುಷ್ಯನಿದ್ದಾನೆ. ಅವನು ವಿಶ್ವವಿದ್ಯಾನಿಲಯದ ಪ್ರಾಕ್ತನ ವಿಮರ್ಶಕ. ಅವನ ಕೆಲಸವೇನು, ದಿನಚರಿಯೇನು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಪ್ರಾಕ್ತನ ವಿಮರ್ಶಕನೆಂದರೆ ನಿಧಿ ಹುಡುಕುವವನೆಂದು ಜನ ಭಾವಿಸುವುದುಂಟು. ಕೈಯಲ್ಲಿ ಅಳತೆಯ ಪಟ್ಟಿ, ಹೆಗಲಲ್ಲಿ ಚೀಲ ಹೊತ್ತ ಅಪರಿಚಿತನೊಬ್ಬ ಗುಡಿಯ ಸುತ್ತ ತಿರುಗುತ್ತಿದ್ದರೆ ಹಾಗೆನ್ನಿಸುವುದು ಸಹಜವೇ. ಆದುದರಿಂದ ಅವನ ಮೊದಲ ಕೆಲಸ ಕಲ್ಲಿನೊಡನೆ ಅಲ್ಲ, ಊರವರೊಡನೆ. ಅರ್ಚಕರನ್ನು ಕಂಡು, ಊರ ಹಿರಿಯರ ಜಗಲಿಯಲ್ಲಿ ಕುಳಿತು, ಬಂದ ಕಾರಣವನ್ನು ಹೇಳಬೇಕು. "ಸ್ವಾಮಿ, ಬರೆಹವಿರುವ ಕಲ್ಲು ಎಲ್ಲಾದರೂ ಇದೆಯೇ?" ಎಂದು ಕೇಳಬೇಕು. ಪುಸ್ತಕದಲ್ಲಿಲ್ಲದ ಎಷ್ಟೋ ಶಾಸನಗಳು ಸಿಕ್ಕಿರುವುದು ಇಂಥ ಜಗಲಿಯ ಮಾತಿನಿಂದಲೇ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು, ಚರಂಡಿಯ ಮೇಲೆ ಹಾಸಿದ ಚಪ್ಪಡಿ, ದನ ಕಟ್ಟುವ ಗೂಟ, ಇವುಗಳ ಮಗ್ಗುಲಲ್ಲಿ ಅಕ್ಷರವಿದೆಯೆಂದು ಬಲ್ಲವರು ಆ ಮನೆಯ ಹೆಂಗಸರು, ದನ ಕಾಯುವ ಹುಡುಗರು.

ಕಲ್ಲು ಸಿಕ್ಕಿದ ಮೇಲೆ ಅಚ್ಚು ತೆಗೆಯುವ ಕೆಲಸ. ನಾರಿನ ಕುಂಚದಿಂದ ಕಲ್ಲನ್ನು ತೊಳೆದು ಅಕ್ಷರಗಳ ಒಳಗಿನ ಮಣ್ಣನ್ನೂ ಪಾಚಿಯನ್ನೂ ತೆಗೆಯಬೇಕು. ಅನಂತರ ನೀರಿನಲ್ಲಿ ನೆನೆಸಿದ ಕಾಗದವನ್ನು ಕಲ್ಲಿಗೆ ಹೊದಿಸಿ, ಅದು ಅಕ್ಷರದ ಹಳ್ಳಕ್ಕೆ ಇಳಿಯುವಂತೆ ಕುಂಚದಿಂದ ಹದವಾಗಿ ತಟ್ಟಬೇಕು. ಕಾಗದ ಅರೆ ಒಣಗಿದಾಗ ಬಟ್ಟೆಯ ಉಂಡೆಯಿಂದ ಮಸಿ ಹಚ್ಚಿದರೆ ಮೇಲ್ಮೈ ಕಪ್ಪಾಗಿ, ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಬಿಸಿಲು ಹೆಚ್ಚಾದರೆ ಕಾಗದ ಬೇಗ ಒಣಗಿ ಬಿರಿಯುತ್ತದೆ. ಗಾಳಿ ಬೀಸಿದರೆ ಹರಿದೇಹೋಗುತ್ತದೆ. ಅದಕ್ಕೇ ಈ ಜನ ಹೊತ್ತು ಹುಟ್ಟುವ ಮೊದಲೇ ಏಳುತ್ತಾರೆ. ಬೆಳಗಿನ ಓರೆ ಬಿಸಿಲಿನಲ್ಲಿ ಸವೆದ ಅಕ್ಷರಗಳ ನೆರಳು ಬಿದ್ದು, ನಡುಹಗಲಿನಲ್ಲಿ ಕಾಣದ ಗೆರೆಗಳೂ ಕಾಣುತ್ತವೆ.

ಒಂದು ಗೆರೆಗೆ ಇಷ್ಟು ಪಾಡೇಕೆ ಎಂದು ನೀವು ಕೇಳಬಹುದು. ಒಂದು ಉದಾಹರಣೆಯನ್ನು ನೋಡೋಣ. ಕಲ್ಲಿನಲ್ಲಿ ಶಕವರ್ಷವಿದೆ, ಆದರೆ ಹತ್ತರ ಸ್ಥಾನದ ಅಂಕೆ ಸವೆದಿದೆಯೆಂದು ಇಟ್ಟುಕೊಳ್ಳಿ. ಉಳಿದದ್ದು ಸಾವಿರದ ಇನ್ನೂರು ಮತ್ತು ಕೊನೆಯ ಎಂಟು ಮಾತ್ರ. ಪಕ್ಕದಲ್ಲಿ ನಳ ಸಂವತ್ಸರವೆಂದಿದೆ. ಸಂವತ್ಸರಗಳು ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತವೆಯಲ್ಲವೆ? ಲೆಕ್ಕ ಹಾಕಿದರೆ ಶಕ 1238 ಕೂಡ ನಳವೇ, ಶಕ 1298 ಕೂಡ ನಳವೇ. ಶಕವರ್ಷಕ್ಕೆ 78 ಕೂಡಿಸಿದರೆ ಮೊದಲನೆಯದು ಕ್ರಿ.ಶ. 1316, ಎರಡನೆಯದು 1376. ಮೊದಲನೆಯದಾದರೆ ಹೊಯ್ಸಳ ಮೂರನೆಯ ಬಲ್ಲಾಳನ ಕಾಲ; ಎರಡನೆಯದಾದರೆ ಹೊಯ್ಸಳರು ಅಳಿದು ವಿಜಯನಗರದ ಬುಕ್ಕರಾಯ ಆಳುತ್ತಿದ್ದ ಕಾಲ. ಅಂಕೆಯೊಂದು ಅಳಿಸಿಹೋದರೆ ಒಂದು ರಾಜ್ಯವೇ ಅದಲುಬದಲಾಗುತ್ತದೆ! ಆಗ ಲಿಪಿಯ ವಕ್ರಗತಿ, ಅರಸನ ಬಿರುದು, ತಿಥಿ ವಾರಗಳ ಹೊಂದಾಣಿಕೆ ಇವುಗಳನ್ನೆಲ್ಲ ಸಾಕ್ಷಿಗೆ ಕರೆದು ತೀರ್ಮಾನಿಸಬೇಕಾಗುತ್ತದೆ.

ಈ ಕಾಯಕಕ್ಕೆ ನಮ್ಮ ನಾಡಿನಲ್ಲಿ ದೊಡ್ಡ ಪರಂಪರೆಯಿದೆ. ಬಿ. ಎಲ್. ರೈಸ್ ಅವರು ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳನ್ನು 1898ರ ಸಂಪುಟದಲ್ಲಿ ಪ್ರಕಟಿಸಿದರು. ಅನಂತರ ಡಾ. ಎಂ. ಎಚ್. ಕೃಷ್ಣ ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇತಿಹಾಸ ಬೋಧಿಸುತ್ತಲೇ ಪ್ರಾಕ್ತನ ಇಲಾಖೆಯ ಹೊಣೆಯನ್ನೂ ಹೊತ್ತರು. ಆಗಿನ ವಾರ್ಷಿಕ ವರದಿಗಳ ಮುಖಪುಟದಲ್ಲಿ ವಿಶ್ವವಿದ್ಯಾನಿಲಯದ ಹೆಸರೇ ಇರುತ್ತಿತ್ತು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಅಗೆಸಿದವರು ಅವರು. 1936ರಲ್ಲಿ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಲೋಕಕ್ಕೆ ತೋರಿಸಿಕೊಟ್ಟವರೂ ಅವರೇ. ಹದಿನಾರು ಸಾಲಿನ ಆ ಒಂದು ಕಲ್ಲು ಕನ್ನಡದ ಲಿಖಿತ ಇತಿಹಾಸವನ್ನು ಐದನೆಯ ಶತಮಾನಕ್ಕೆ ಒಯ್ದಿತು. ಊರವರ ಕಣ್ಣೆದುರಿಗೇ ಇದ್ದ ಕಲ್ಲು ಅದು. ಓದುವವರು ಬರಬೇಕಾಗಿತ್ತು, ಅಷ್ಟೆ.

ಮೈಸೂರು ವಿಶ್ವವಿದ್ಯಾನಿಲಯದ ಡಾ. ಎಂ. ಶೇಷಾದ್ರಿ ಅವರ ಕೆಲಸವನ್ನೂ ನೆನೆಯಬೇಕು. ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರದಲ್ಲಿ 1959ರಿಂದ ನಡೆದ ಉತ್ಖನನದಲ್ಲಿ ನವಶಿಲಾಯುಗದ ಜನರ ನೆಲೆಯೂ ಗೋರಿಯೂ ಕಂಡವು. ಸುಟ್ಟ ಮಣ್ಣಿನಿಂದ ಮಾಡಿದ ತಲೆಯೊರಗುಗಳು ಅಲ್ಲಿ ದೊರೆತ ವಿಶೇಷ ವಸ್ತುಗಳು. ಅದರ ವರದಿ ಪುಸ್ತಕವಾಗಿ ಬಂದದ್ದು 1971ರಲ್ಲಿ. ಅಗೆತಕ್ಕೆ ತಿಂಗಳುಗಳು ಸಾಕು, ಬರೆಯುವುದಕ್ಕೆ ವರ್ಷಗಳು ಬೇಕು. ಪ್ರತಿಯೊಂದು ಮಡಕೆಯ ಚೂರನ್ನೂ ತೊಳೆದು, ಯಾವ ಪದರದಲ್ಲಿ ಸಿಕ್ಕಿತೆಂದು ಅದರ ಮೇಲೆ ಅಂಕೆ ಬರೆದು, ಚಿತ್ರಿಸಿ, ಹೋಲಿಸಬೇಕು. ಇದರ ನಡುವೆಯೇ ತರಗತಿಯ ಪಾಠ, ಉತ್ತರಪತ್ರಿಕೆಗಳ ರಾಶಿ, ಕೂಲಿಯ ಲೆಕ್ಕ. ಪದರ ಯಾವುದೆಂದು ಬರೆಯದೆ ಬಿಟ್ಟ ಚೂರು ಬರಿಯ ಓಡು. ಬರೆದಿಟ್ಟ ಚೂರು ಸಾಕ್ಷಿ.

ಮುಂದೆ ಅದೇ ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ರೈಸ್ ಅವರ ಸಂಪುಟಗಳನ್ನು ಪರಿಷ್ಕರಿಸಲು ಹೊರಟಿತು. ಚಾಮರಾಜನಗರ ತಾಲ್ಲೂಕಿನ ಶಾಸನಗಳುಳ್ಳ ನಾಲ್ಕನೆಯ ಸಂಪುಟ 1975ರಲ್ಲಿ ಬಂದಿತು. ಎರಡು ಮುದ್ರಣಗಳ ನಡುವೆ 77 ವರ್ಷ. ಇಂಥ ಪರಿಷ್ಕರಣದ ಸುಖ ಹೊಸ ಕಲ್ಲು ಸಿಗುವುದು. ದುಃಖ, ಹಿಂದಿನವರು ಓದಿದ ಕಲ್ಲು ಇದ್ದೆಡೆಯಲ್ಲಿ ಇಲ್ಲದಿರುವುದು. ಕಲ್ಲು ಹೋದರೆ ಹಿಂದಿನವರ ಓದು ತಪ್ಪೋ ಸರಿಯೋ ಎಂದು ಮತ್ತೆ ನೋಡುವ ದಾರಿಯೇ ಮುಚ್ಚುತ್ತದೆ.

ಕಲ್ಲನ್ನು ಹಾಳುಮಾಡುವವರು ಕಳ್ಳರು ಮಾತ್ರವೇ ಅಲ್ಲ. ಹಬ್ಬಕ್ಕೆಂದು ಭಕ್ತಿಯಿಂದ ಬಳಿದ ಸುಣ್ಣ, ಗೋಡೆಗೆ ಮೆತ್ತಿದ ಸಿಮೆಂಟು, ಕಂಬಕ್ಕೆ ಹಚ್ಚಿದ ಬಣ್ಣ, ಇವು ಅಕ್ಷರಗಳನ್ನು ಸದ್ದಿಲ್ಲದೆ ನುಂಗುತ್ತವೆ. ನಮ್ಮ ಪ್ರೀತಿಯೇ ನಮ್ಮ ಚರಿತ್ರೆಯನ್ನು ಅಳಿಸುವುದೆಂದರೆ ಎಂಥ ವಿಪರ್ಯಾಸ!

ಕಲ್ಲು ಹೇಳುವುದಕ್ಕೂ ಊರು ನಂಬುವುದಕ್ಕೂ ಒಮ್ಮೊಮ್ಮೆ ಅಂತರವಿರಬಹುದು. ಒಳ್ಳೆಯ ವಿದ್ವಾಂಸ ಎರಡನ್ನೂ ಬರೆದುಕೊಳ್ಳುತ್ತಾನೆ. ಒಂದರ ಬಾಯಿಂದ ಇನ್ನೊಂದರ ಮಾತನ್ನಾಡಿಸುವುದಿಲ್ಲ. ಹರದನಹಳ್ಳಿಯ ಗುಡಿಯ ಕಲ್ಲು ಅರಸರ ದತ್ತಿಯನ್ನು ಹೇಳಬಹುದು. ಗುರುವಿನ ಮೇಲಿನ ಭಕ್ತಿಯನ್ನು ಹೇಳುವುದು ಜನರ ನಾಲಗೆ. ಎರಡೂ ಆ ಊರಿನ ಆಸ್ತಿಯೇ.

ಮುಂದಿನ ಸಲ ನಿಮ್ಮೂರಿನ ಗುಡಿಗೆ ಹೋದಾಗ ಗೋಡೆಯ ಬುಡವನ್ನೊಮ್ಮೆ ನೋಡಿ. ಅಕ್ಷರ ಕಂಡರೆ ಉಳಿ, ಆಮ್ಲ, ಸೀಮೆಸುಣ್ಣ ಯಾವುದನ್ನೂ ಮುಟ್ಟಿಸಬೇಡಿ. ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟರಿಗೆ ಒಂದು ಮಾತು ತಿಳಿಸಿ. ಅವರು ಬರುವವರೆಗೆ ಆ ಕಲ್ಲಿಗೆ ನೀವೇ ಕಾವಲು.