ಮದಲೂರು ಕೆರೆಯ ಉಪಚುನಾವಣೆ

ನಮ್ಮ ಶಿರಾ ಕಡೆ ಚುನಾವಣೆ ಅಂದ್ರೆ ಜಾತಿ, ಪಕ್ಷ ಎಲ್ಲಾ ಇದ್ದದ್ದೇ. ಆದ್ರೆ 2020ರ ಉಪಚುನಾವಣೇಲಿ ಎಲ್ಲರ ಬಾಯಲ್ಲೂ ಒಂದು ಕೆರೆಯ ಹೆಸರಿತ್ತು.

ಆ ಆಗಸ್ಟ್‌ನಲ್ಲಿ ಜೆಡಿಎಸ್ ಶಾಸಕ ಬಿ. ಸತ್ಯನಾರಾಯಣ ತೀರಿಕೊಂಡಿದ್ದರು. ಪ್ರಚಾರಕ್ಕೆ ಮದಲೂರಿಗೇ ಬಂದ ಮುಖ್ಯಮಂತ್ರಿ ಯಡಿಯೂರಪ್ಪ, ಆರು ತಿಂಗಳಲ್ಲಿ ಹೇಮಾವತಿ ನೀರು ತಂದು ಮದಲೂರು ಕೆರೆ ತುಂಬಿಸ್ತೀವಿ ಅಂದರು. ಹೇಮಾವತಿ ಅಂದ್ರೆ ಪಕ್ಕದ ಹಳ್ಳವಲ್ಲ, ಹಾಸನ ಜಿಲ್ಲೆಯ ಗೊರೂರಿನಿಂದ ಕಾಲುವೇಲಿ ಬರಬೇಕು!

ನವೆಂಬರ್ 3ಕ್ಕೆ ಮತದಾನ, 10ಕ್ಕೆ ಎಣಿಕೆ. ಬಿಜೆಪಿಯ ರಾಜೇಶ್ ಗೌಡ ಕಾಂಗ್ರೆಸ್ಸಿನ ಟಿ.ಬಿ. ಜಯಚಂದ್ರರನ್ನು ಸೋಲಿಸಿದರು. ಶಿರಾದಲ್ಲಿ ಬಿಜೆಪಿಗೆ ಅದೇ ಮೊದಲ ಗೆಲುವು. 2023ರಲ್ಲಿ ಅದೇ ಜನ ಜಯಚಂದ್ರರನ್ನು ಗೆಲ್ಲಿಸಿದರು.

ನನಗನ್ನಿಸೋದು ಇಷ್ಟೇ: ಓಟು ಐದು ವರ್ಷಕ್ಕೊಮ್ಮೆ ಸಾಕು, ಕೆರೆಗೆ ನೀರು ಪ್ರತಿ ವರ್ಷ ಬೇಕು. ನೀವೇನಂತೀರಿ?